ಮಲ್ಪೆಯಿಂದ ಅರ್ಧ ಗಂಟೆ, ಹಿಂದಕ್ಕೆ 9 ಕೋಟಿ ವರ್ಷ: ಸೇಂಟ್ ಮೇರೀಸ್ ದ್ವೀಪದಲ್ಲಿ ಮನೆಮಂದಿ ಜೊತೆ ಒಂದು ದಿನ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡುಗೆಮನೆ ಕಟ್ಟೆ ಮೇಲೆ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಈ ವಾರದ ಎಪಿಸೋಡ್‌ಗೆ ಸ್ವಾಗತ.

ಇವತ್ತಿನ ವಿಷಯ ಜ್ವಾಲಾಮುಖಿ ದ್ವೀಪ. ಈ ಪದ ಕೇಳಿದ ಕೂಡಲೇ ನಮಗೆ ನೆನಪಾಗೋದು ರೀಲ್ಸ್‌ನಲ್ಲಿ ನೋಡಿದ ಹವಾಯಿ, ಐಸ್‌ಲ್ಯಾಂಡ್. ಕೆಂಪಗೆ ಹರಿಯುವ ಲಾವಾ, ಅದರ ಮುಂದೆ ಯಾರೋ ಸೆಲ್ಫಿ. ಜೊತೆಗೆ ಪಾಸ್‌ಪೋರ್ಟ್, ವೀಸಾ, ಆಮೇಲೆ ಇಎಂಐ. ಆದರೆ ನಮ್ಮ ಉಡುಪಿಯ ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರ್ ಸಮುದ್ರದೊಳಗೆ ಲಾವಾದಿಂದಲೇ ಆದ ದ್ವೀಪಗಳಿವೆ. ಸೇಂಟ್ ಮೇರೀಸ್ ದ್ವೀಪ. ನಿಮ್ಮಲ್ಲಿ ಅರ್ಧ ಜನ ಕಾಲೇಜ್ ಟ್ರಿಪ್‌ನಲ್ಲಿ ಹೋಗಿ ಬಂದಿರ್ತೀರಿ. ಫೋಟೋನೂ ಇರುತ್ತೆ ಗ್ಯಾಲರಿಯಲ್ಲಿ. ಆ ಫೋಟೋದಲ್ಲಿ ನಿಮ್ಮ ಕಾಲ ಕೆಳಗಿದ್ದ ಕಲ್ಲು ಏನು ಅಂತ ಯಾರಾದರೂ ಹೇಳಿದ್ರಾ? ನನಗಂತೂ ಮೊದಲ ಸಲ ಹೋದಾಗ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಹೋಗಿದ್ದು ಈ ಜನವರಿಯಲ್ಲಿ, ಮನೆಮಂದಿ ಜೊತೆ. ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ 9 ವರ್ಷದ ಮಗಳು ಪುಟ್ಟಿ, ಮತ್ತೆ ನಾನು. ಶಿವಮೊಗ್ಗದಿಂದ ಬೆಳಗಿನ ಜಾವ 4 ಗಂಟೆಗೆ ಹೊರಟು, ತೀರ್ಥಹಳ್ಳಿ, ಆಗುಂಬೆ ದಾಟಿ, ಘಾಟಿಯ 14 ತಿರುವು ಇಳಿದು, ಹೆಬ್ರಿಯಲ್ಲಿ ಇಡ್ಲಿ ತಿಂದು ಮಲ್ಪೆ ಸೇರಿದೆವು. ರಾತ್ರಿ ಊಟಕ್ಕೆ ವಾಪಸ್ ಮನೆಗೆ. ಅಂದರೆ ಒಂದೇ ದಿನದ ಪ್ರವಾಸ.

ಈ ಪ್ರವಾಸಕ್ಕೆ ಅಮ್ಮನನ್ನು ಒಪ್ಪಿಸೋದೇ ದೊಡ್ಡ ಕೆಲಸ ಆಗಿತ್ತು. ಅಮ್ಮನ ತವರು ಶರಾವತಿ ಹಿನ್ನೀರಿನ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜ ಅಜ್ಜಿಯ ಮನೆ, ತೋಟ, ಗದ್ದೆ ಎಲ್ಲ ಮುಳುಗಿತು. ಅಮ್ಮ ಹುಟ್ಟಿದ್ದು ಆಮೇಲೆ, ಮೇಲಿನ ಹೊಸ ಮನೆಯಲ್ಲಿ. ಆದರೂ ಚಿಕ್ಕಂದಿನಿಂದ ಕೇಳಿದ್ದೆಲ್ಲ ನೀರಿನ ಕಥೆಯೇ. ಲಾಂಚ್ ಹತ್ತಬೇಕಾದಾಗೆಲ್ಲ ಕಣ್ಣು ಮುಚ್ಕೊಂಡೇ ಕೂರ್ತಿದ್ದರಂತೆ. "ನೀರು ನೋಡೋಕೆ ದುಡ್ಡು ಕೊಟ್ಟು ಯಾಕೆ ಹೋಗ್ಬೇಕು? ನಾವು ನೋಡಿದ್ದು ಸಾಕಾಗಿದೆ" ಅನ್ನೋದು ಅವರ ವಾದ. ಕೊನೆಗೆ ಒಪ್ಪಿದ್ದು ಪುಟ್ಟಿಗೋಸ್ಕರ.

ಮಲ್ಪೆ ಅಂದ್ರೆ ಮೀನುಗಾರಿಕೆಯ ದೊಡ್ಡ ಬಂದರು. ಧಕ್ಕೆಯಲ್ಲಿ ಸಾಲುಸಾಲು ಬೋಟ್, ಬಲೆ, ಐಸ್, ಮೀನಿನ ವಾಸನೆ. ಅಲ್ಲಿಂದ ಪ್ರವಾಸಿಗರ ಬೋಟ್. ಲೈಫ್ ಜಾಕೆಟ್ ಹಾಕಿಸಿ ಕೂರಿಸಿದರು. ಅಮ್ಮ ಪುಟ್ಟಿಯ ಕೈ ಹಿಡಿದಿದ್ದರೋ, ಪುಟ್ಟಿ ಅಮ್ಮನ ಕೈ ಹಿಡಿದಿದ್ದಳೋ ಗೊತ್ತಾಗಲಿಲ್ಲ. ಅರ್ಧ ಗಂಟೆಯೊಳಗೆ ದ್ವೀಪ.

ಇಲ್ಲಿ ಒಂದು ವಿಷಯ. ಸೇಂಟ್ ಮೇರೀಸ್ ಅಂದ್ರೆ ಒಂದು ದ್ವೀಪ ಅಲ್ಲ, ಉತ್ತರ-ದಕ್ಷಿಣವಾಗಿ ತೀರಕ್ಕೆ ಸಮಾನಾಂತರವಾಗಿ ಹಬ್ಬಿದ ಒಂದು ದ್ವೀಪಸಾಲು. ಇದರಲ್ಲಿ ನಾಲ್ಕು ದೊಡ್ಡವು. ನಾವೆಲ್ಲ ಇಳಿಯೋದು ತೆಂಗಿನಮರಗಳಿರುವ ದ್ವೀಪದಲ್ಲಿ. ಅದಕ್ಕೇ ಕೋಕೊನಟ್ ಐಲ್ಯಾಂಡ್ ಅನ್ನೋ ಹೆಸರು. ತೋನ್ಸೆಪಾರ್ ಅಂತಲೂ ಕರೀತಾರೆ. ಜನವಸತಿ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಆರಾಮಾಗಿ ನಡೆದು ಮುಗಿಸುವಷ್ಟು ಚಿಕ್ಕದು.

ಇಳಿದ ತಕ್ಷಣ ಪುಟ್ಟಿಯ ಪ್ರಶ್ನೆ, "ಚಿಕ್ಕಿ, ಜ್ವಾಲಾಮುಖಿಯ ಬಾಯಿ ಎಲ್ಲಿದೆ?"

ಸರಿಯಾದ ಪ್ರಶ್ನೆ. ನಾವು ಚಿತ್ರದಲ್ಲಿ ನೋಡೋ ಹಾಗೆ ಇಲ್ಲಿ ಶಂಕುವಿನಾಕಾರದ ಬೆಟ್ಟ ಇಲ್ಲ, ಮೇಲೆ ಗುಂಡಿ ಇಲ್ಲ, ಹೊಗೆ ಇಲ್ಲ. ಇರೋದು ಕಂಬಗಳು. ನೆಟ್ಟಗೆ ನಿಂತ, ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಕಂಬಗಳು. ಕೆಲವು ಆಳೆತ್ತರಕ್ಕಿಂತ ಮೇಲಿವೆ, ಕೆಲವು ಮೊಣಕಾಲಿನಷ್ಟು, ಕೆಲವು ಮುರಿದು ಮೇಲ್ಭಾಗ ಮಾತ್ರ ಕಾಣುತ್ತೆ. ಮೇಲಿಂದ ನೋಡಿದರೆ ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ, ಆರು ಮೂಲೆಯ ಟೈಲ್ಸ್.

ಅಪ್ಪ ಒಂದು ಕಂಬದ ಅಂಚಿಗೆ ಕೈ ಆಡಿಸಿ, "ಇದು ತಾನಾಗೇ ಆಗಿದ್ದಲ್ಲ ಬಿಡು. ಯಾರೋ ಕೆತ್ತಿದ್ದಾರೆ. ಇಕ್ಕೇರಿ ದೇವಸ್ಥಾನದ ಕೆಲಸದವರ ಥರ ಯಾರೋ" ಅಂದರು. ಹಾಗೆ ಅನ್ನಿಸೋದು ಸಹಜ. ಪ್ರಕೃತಿಯಲ್ಲಿ ಗೆರೆ ಎಳೆದ ಹಾಗೆ ನೇರ ಅಂಚು ಎಲ್ಲಿ ಕಾಣುತ್ತೆ ಹೇಳಿ? ಉತ್ತರ ಐರ್ಲೆಂಡ್‌ನಲ್ಲಿ ಜೈಂಟ್ಸ್ ಕಾಸ್‌ವೇ ಅಂತ ಒಂದು ಜಾಗ ಇದೆ. ಇಂಥವೇ ಸುಮಾರು 40,000 ಕಂಬಗಳು. ಅಲ್ಲಿನ ಜನಪದ ಕಥೆ ಪ್ರಕಾರ ಅದನ್ನ ಕಟ್ಟಿದ್ದು ಒಬ್ಬ ದೈತ್ಯ. ನೋಡಿ, ಅಲ್ಲೂ ಇಲ್ಲೂ ಮನುಷ್ಯರ ಅನುಮಾನ ಒಂದೇ.

ನಾನು ಫೋನ್ ತೆಗೆದು ವಿವರಣೆ ಹುಡುಕ್ತಾ ಇದ್ದೆ. ಅಷ್ಟರಲ್ಲಿ ಅಮ್ಮ, ನೆರಳಲ್ಲಿ ಕೂತಿದ್ದವರು, ನಿಧಾನಕ್ಕೆ ಎದ್ದು ಬಂದು ಬಗ್ಗಿ ನೋಡಿದರು. "ಇದು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು ಬಿರಿಯುತ್ತಲ್ಲ, ಹಂಗೇ ಇದೆ" ಅಂದರು.

ನಿಜ ಹೇಳಬೇಕಂದ್ರೆ, ಅದಕ್ಕಿಂತ ಒಳ್ಳೆಯ ವಿವರಣೆ ಫೋನಲ್ಲೂ ಸಿಗಲಿಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಕೆಸರು ಒಣಗುವಾಗ ನೀರು ಹೋಗುತ್ತೆ, ಕೆಸರು ಕುಗ್ಗುತ್ತೆ. ಆದರೆ ಅಗಲವಾದ ನೆಲ ಒಟ್ಟಿಗೆ ಒಂದೇ ಕಡೆಗೆ ಕುಗ್ಗೋಕೆ ಆಗಲ್ಲ. ಹಾಗಾಗಿ ಅಲ್ಲಲ್ಲಿ ಬಿರುಕು ಬಿಟ್ಟು ತುಂಡು ತುಂಡಾಗುತ್ತೆ. ಲಾವಾದಲ್ಲಿ ಹೋಗೋದು ನೀರಲ್ಲ, ಬಿಸಿ. ದಪ್ಪನಾದ ಲಾವಾ ಒಂದು ಕಡೆ ನಿಂತು ಆರುವಾಗ ಕುಗ್ಗುತ್ತೆ, ಬಿರಿಯುತ್ತೆ. ಬಿರುಕು ಮೊದಲು ಶುರುವಾಗೋದು ಬೇಗ ಆರುವ ಮೇಲ್ಮೈಯಲ್ಲಿ. ಆಮೇಲೆ ಬಿಸಿ ಒಳಗೊಳಗೆ ಇಳಿದ ಹಾಗೆ ಬಿರುಕೂ ಆಳಕ್ಕೆ ಇಳಿಯುತ್ತೆ. ಹಾಗಾಗಿ ಕೆಸರಿನಲ್ಲಿ ತೆಳ್ಳಗಿನ ಹೆಂಚು ಬಂದರೆ, ಲಾವಾದಲ್ಲಿ ಉದ್ದದ ಕಂಬ ಬರುತ್ತೆ.

ಆರೇ ಮೂಲೆ ಯಾಕೆ? ಒಂದು ಬಿಂದುವಿನಿಂದ ಮೂರು ಬಿರುಕು ಸಮನಾಗಿ ಹೊರಟರೆ ಅವುಗಳ ನಡುವೆ 120 ಡಿಗ್ರಿ ಕೋನ. ಅಂಥ ಬಿರುಕುಗಳು ಒಂದಕ್ಕೊಂದು ಸೇರಿದಾಗ ಷಡ್ಭುಜ. ಜೇನುಗೂಡಿನಲ್ಲಿ ನೋಡ್ತೀವಲ್ಲ, ಅದೇ ಆಕಾರ. ಕಡಿಮೆ ಬಿರುಕಿನಲ್ಲಿ ಕುಗ್ಗಿದ ಒತ್ತಡವೆಲ್ಲ ಹೊರಗೆ ಹೋಗುವ ದಾರಿ ಅದು. ಆದರೆ ಎಲ್ಲವೂ ಆರಲ್ಲ. ಐದು ಮೂಲೆಯವು, ಏಳು ಮೂಲೆಯವು ಸಿಗುತ್ತವೆ. ಪುಟ್ಟಿಗೆ ಎಣಿಸೋ ಕೆಲಸ ಕೊಟ್ಟೆವು. ಒಂದು ಗಂಟೆ ಅವಳು ಮೊಬೈಲ್ ಕೇಳಲಿಲ್ಲ. ಮಕ್ಕಳನ್ನ ಕರ್ಕೊಂಡು ಹೋಗೋರು ಈ ಟ್ರಿಕ್ ಬರೆದಿಟ್ಕೊಳ್ಳಿ.

ಕಲ್ಲಿನ ಹೆಸರಿನ ಬಗ್ಗೆ ಒಂದು ಮಾತು. ಇದನ್ನ ಬಹಳ ಕಡೆ ಬಸಾಲ್ಟ್ ಅಂತ ಬರೀತಾರೆ. ರಾಸಾಯನಿಕ ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಹೇಳೋದು ಇದು ರಯೋಲೈಟ್, ಡೇಸೈಟ್ ಜಾತಿಗೆ ಹತ್ತಿರ ಅಂತ. ಅಂದರೆ ಸಿಲಿಕಾ ಜಾಸ್ತಿ ಇರುವ ಲಾವಾ. ಸಿಲಿಕಾ ಜಾಸ್ತಿ ಇದ್ದರೆ ಲಾವಾ ಗಟ್ಟಿ ಬೆಲ್ಲದ ಪಾಕದ ಹಾಗೆ ಜಿಗುಟು, ನಿಧಾನಕ್ಕೆ ಹರಿಯುತ್ತೆ. ಬಸಾಲ್ಟ್ ಲಾವಾ ತೆಳು, ಬೇಗ ಹರಿದು ದೂರ ಹೋಗುತ್ತೆ.

ಈಗ ಪುಟ್ಟಿಯ ಎರಡನೇ ಪ್ರಶ್ನೆ. "ಇದು ಮತ್ತೆ ಸಿಡಿಯುತ್ತಾ?" ಅಮ್ಮನೂ ತಿರುಗಿ ನೋಡಿದರು. ಅವರಿಗೂ ಉತ್ತರ ಬೇಕಿತ್ತು.

ಸಿಡಿಯಲ್ಲ. ಯಾಕೆ ಅಂತ ತಿಳಿಯೋಕೆ ಸುಮಾರು 9 ಕೋಟಿ ವರ್ಷ ಹಿಂದೆ ಹೋಗಬೇಕು. ಡೈನೋಸಾರ್‌ಗಳಿದ್ದ ಕಾಲ. ಮನುಷ್ಯರ ಸುಳಿವೇ ಇಲ್ಲ. ಆಗ ಭಾರತ ಈಗಿನ ಜಾಗದಲ್ಲಿ ಇರಲಿಲ್ಲ, ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕಿತ್ತು. ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದದ್ದು ಅರಬ್ಬಿ ಸಮುದ್ರ ಅಲ್ಲ, ಮಡಗಾಸ್ಕರ್. ಹೌದು, ಆಫ್ರಿಕಾದ ಪಕ್ಕ ಇರುವ ಅದೇ ಮಡಗಾಸ್ಕರ್. ನೆಲದಾಳದಿಂದ ಬಿಸಿ ಮೇಲೆ ನುಗ್ಗಿ, ಎರಡರ ನಡುವೆ ನೆಲ ಬಿರಿದು, ಅವು ಬೇರೆಯಾದವು. ಆ ಕಾಲದ ಲಾವಾದ ಒಂದು ತುಣುಕು ಈ ದ್ವೀಪಗಳು. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಕಲ್ಲುಗಳಿವೆ. ಒಂದು ಮನೆ ಪಾಲಾದಾಗ ಇಬ್ಬರ ಹತ್ತಿರವೂ ಒಂದೇ ಪತ್ರದ ಪ್ರತಿ ಇರುತ್ತಲ್ಲ, ಹಾಗೆ.

ನಾನು ಬಿ.ಕಾಂ. ಓದಿದವಳು, ಲೆಕ್ಕ ಹಾಕದೆ ಇರೋಕಾಗಲ್ಲ. ಮಲ್ಪೆಯಿಂದ ಮಡಗಾಸ್ಕರ್‌ನ ಉತ್ತರ ತುದಿಗೆ ಇವತ್ತು ಸುಮಾರು 4,000 ಕಿಲೋಮೀಟರ್. ಅಂದರೆ 40 ಕೋಟಿ ಸೆಂಟಿಮೀಟರ್. ಅದನ್ನ 9 ಕೋಟಿ ವರ್ಷಕ್ಕೆ ಭಾಗಿಸಿ. ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಇದು ಬರೀ ಸರಾಸರಿ, ನಡುವೆ ಭಾರತ ಇದಕ್ಕಿಂತ ಬಹಳ ಜೋರಾಗಿ ಓಡಿದ ಕಾಲವೂ ಇದೆ. ಆದರೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ ಅಂದ್ರೆ ಎಷ್ಟು ಗೊತ್ತಾ? ನಿಮ್ಮ ಕೈಬೆರಳಿನ ಉಗುರು ಒಂದು ವರ್ಷದಲ್ಲಿ ಬೆಳೆಯುವಷ್ಟು. ಅಷ್ಟೇ ವೇಗದಲ್ಲಿ ಒಂದು ಸಮುದ್ರ ಹುಟ್ಟಿಬಿಡ್ತು.

ಆ ಬಿಸಿ ಎಲ್ಲಿ ಹೋಯ್ತು ಅಂತ ಕೇಳಬಹುದು. ಎಲ್ಲೂ ಹೋಗಿಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮ್ಯಾರಿಯನ್ ಅನ್ನೋ ದ್ವೀಪ ಇದೆ. ಅದು ಇವತ್ತಿಗೂ ಜೀವಂತ ಜ್ವಾಲಾಮುಖಿ. ಆಗ ಭಾರತ-ಮಡಗಾಸ್ಕರ್ ಕೆಳಗಿದ್ದ ಬಿಸಿಯ ಸೆಲೆ ಈಗ ಅದರ ಕೆಳಗಿದೆ ಅಂತ ಅನೇಕ ವಿಜ್ಞಾನಿಗಳ ಅಭಿಪ್ರಾಯ. ಪುಟ್ಟಿಗೆ ನಾನು ಹೇಳಿದ್ದು ಇಷ್ಟೇ: "ಒಲೆ ಅಲ್ಲೇ ಇದೆ. ನಮ್ಮ ಕಾವಲಿ ಮುಂದೆ ಬಂದ್ಬಿಟ್ಟಿದೆ. ಇನ್ನು ಇಲ್ಲಿ ದೋಸೆ ಆಗಲ್ಲ."

ಕುದಿಯುವ ಜ್ವಾಲಾಮುಖಿ ದ್ವೀಪ ಭಾರತದಲ್ಲೇ ನೋಡಬೇಕಂದ್ರೆ ಅಂಡಮಾನ್‌ನ ಬ್ಯಾರನ್ ದ್ವೀಪ ಇದೆ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಸಿಡಿಯಿತು. ನಮ್ಮದು ಆರಿದ ಲಾವಾ. ಹಾಗಾಗಿಯೇ ಅಜ್ಜಿ, ಮೊಮ್ಮಗಳು ಅದರ ಮೇಲೆ ಕೂತು ಚಕ್ಕುಲಿ ತಿನ್ನಬಹುದು.

ಇನ್ನೊಂದು ವಿಷಯ ನನಗೆ ಅಲ್ಲೇ ಹೊಳೆದದ್ದು. ಈ ಲಾವಾ ಹರಿದಿದ್ದು ಸಮುದ್ರದ ಒಳಗಲ್ಲ, ನೆಲದ ಮೇಲೆ. ಅಂದರೆ ಇದು ದ್ವೀಪವಾಗಿ ಹುಟ್ಟಿದ್ದಲ್ಲ. ಸುತ್ತಲಿನದೆಲ್ಲ ಹೋಗಿ, ನೀರು ಬಂದು, ಉಳಿದ ತುಂಡು ಇದು. ಇದನ್ನ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ಗುಡ್ಡದ ತುದಿಗಳು ಈಗ ದ್ವೀಪ ಆಗಿಲ್ವಾ, ಹಂಗೆ" ಅಂದರು. ಆಮೇಲೆ ಪುಟ್ಟಿಯನ್ನ ಪಕ್ಕಕ್ಕೆ ಕೂರಿಸ್ಕೊಂಡು ಮುಳುಗಿದ ಮನೆಯ ಕಥೆ ಹೇಳಿದರು. ಜಗಲಿ ಎಷ್ಟು ದೊಡ್ಡದಿತ್ತು, ಬಾವಿ ಎಲ್ಲಿತ್ತು, ಸಾಮಾನು ಹೇಗೆ ಸಾಗಿಸಿದರು, ಅಜ್ಜಿಯಿಂದ ಕೇಳಿದ್ದನ್ನೆಲ್ಲ. ನನಗೂ ಅಕ್ಕನಿಗೂ ಅದರಲ್ಲಿ ಅರ್ಧ ಕಥೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಯಾವತ್ತೂ ಬಾರದ ಮಾತು ಆ ಕಲ್ಲುಗಳ ಮೇಲೆ ಬಂತು.

ಈಗ ವಾಸ್ಕೊ ಡ ಗಾಮ. ಸೇಂಟ್ ಮೇರೀಸ್ ಅಂದ ಕೂಡಲೇ ಈ ಕಥೆ ಬರುತ್ತೆ: ಗಾಮ 1498ರಲ್ಲಿ ಕೇರಳಕ್ಕೆ ಹೋಗೋ ಮೊದಲು ಇಲ್ಲಿ ಇಳಿದಿದ್ದ ಅಂತ. ಆದರೆ ಆ ಯಾನದ ದಿನಚರಿಯಲ್ಲಿರೋ ಕ್ರಮ ಬೇರೆ. ಅವನ ಹಡಗುಗಳು ಕಲ್ಲಿಕೋಟೆ ತಲುಪಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ಹೊರಟಿದ್ದು ಆಗಸ್ಟ್ ಕೊನೆಗೆ. ವಾಪಸ್ ಹೋಗುವಾಗ, ಸೆಪ್ಟೆಂಬರ್ 15ರಂದು, ತೀರದ ಹತ್ತಿರದ ಒಂದು ಪುಟ್ಟ ದ್ವೀಪದಲ್ಲಿ ಕಲ್ಲಿನ ಕಂಬ ನಿಲ್ಲಿಸಿ ಅದಕ್ಕೆ ಸಾಂತಾ ಮರಿಯಾ ಅಂತ ಹೆಸರಿಟ್ಟರು. ಅಂದರೆ ಬರುವಾಗ ಅಲ್ಲ, ಹೋಗುವಾಗ. ಭಾವ ಇದನ್ನ ಕೇಳಿ ನಕ್ಕರು. ಕಲ್ಲಿನ ಕಂಬಗಳೇ ತುಂಬಿರೋ ದ್ವೀಪಕ್ಕೆ ಇನ್ನೊಂದು ಕಲ್ಲಿನ ಕಂಬ ತಂದು ನೆಟ್ಟವರು!

ಇನ್ನು ಸ್ವಲ್ಪ ಸೀರಿಯಸ್ ವಿಷಯ. ಇದು ಈಜೋ ಜಾಗ ಅಲ್ಲ. ಕಂಬಗಳು ನೀರೊಳಗೂ ಇವೆ, ಪಾಚಿ ಕಟ್ಟಿ ಜಾರುತ್ತವೆ, ಅಲೆ ಬಂದು ಹೊಡೆದಾಗ ಹಿಡ್ಕೊಳ್ಳೋಕೆ ಏನೂ ಇರಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಕಾಲೇಜ್ ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳು ಇಲ್ಲಿ ಸಮುದ್ರಪಾಲಾದರು. ನಿಮ್ಮ, ನನ್ನ ವಯಸ್ಸಿನವರೇ. ನಾವಿದ್ದಾಗಲೂ ಒಂದು ಗುಂಪು ಅಂಚಿನ ಬಂಡೆಗೆ ಹೋಗಿ ನಿಂತಿತ್ತು. ಸಿಬ್ಬಂದಿ ಸೀಟಿ ಊದಿದರೆ, "ಒಂದೇ ಒಂದು ಫೋಟೋ" ಅಂತ ಕೈ ತೋರಿಸ್ತಿದ್ದರು. ಅಮ್ಮನಿಗೆ ನೋಡೋಕಾಗದೆ, ಗುರುತು ಪರಿಚಯ ಇಲ್ಲದಿದ್ರೂ ಕೂಗಿದರು: "ಏ ಮಕ್ಕಳಾ, ಈ ಕಡೆ ಬನ್ರೋ!" ಸೀಟಿಗೆ ಬಾರದವರು ಆ ದನಿಗೆ ಬಂದರು.

ಹೊರಡೋ ಹೊತ್ತಿಗೆ ನಮ್ಮಲ್ಲೇ ಒಂದು ಸಣ್ಣ ಜಗಳ ಆಯ್ತು. ಪುಟ್ಟಿ ಫ್ರಾಕ್ ಜೇಬಿನ ತುಂಬ ಚಿಪ್ಪು ತುಂಬ್ಕೊಂಡಿದ್ದಳು. ಕೈಯಲ್ಲಿ ಕಂಬದಿಂದ ಒಡೆದು ಬಿದ್ದ ಒಂದು ಕಲ್ಲಿನ ಚೂರು. ಒಂದು ಮೂಲೆ ಸರಿಯಾಗಿ ಉಳಿದಿತ್ತು ಅದರಲ್ಲಿ. ಶಾಲೆಗೆ ತಗೊಂಡು ಹೋಗಿ ತೋರಿಸ್ಬೇಕು ಅನ್ನೋದು ಆಸೆ. ನಾನು ಬೇಡ ಅಂದೆ. ಅಕ್ಕನಿಗೆ ಸಿಟ್ಟು ಬಂತು. "ಮಗು ಒಂದು ಕಲ್ಲು ತಗೊಂಡ್ರೆ ದ್ವೀಪ ಮುಳುಗಿ ಹೋಗುತ್ತಾ? ಎಲ್ಲದಕ್ಕೂ ನಿನ್ನದೊಂದು ಲೆಕ್ಚರ್." ಪುಟ್ಟಿಯ ಕಣ್ಣಲ್ಲಿ ನೀರು.

ಜಗಳ ಬಿಡಿಸಿದ್ದು ಅಪ್ಪ. ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಪುಟ್ಟಿಯನ್ನ ಹತ್ತಿರ ಕರೆದು ಹೇಳಿದರು. "ಮಂಡಿಯಲ್ಲಿ ಅಡಿಕೆ ಚೀಲದ ಬಾಯಿ ಬಿಚ್ಚಿಟ್ಟಿರ್ತೀವಿ. ಬಂದ ವ್ಯಾಪಾರಿ ಒಂದು ಹಿಡಿ ತೆಗೆದು ನೋಡ್ತಾನೆ. ಒಂದು ಹಿಡಿ ತಾನೇ ಅಂತ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಇನ್ನೊಬ್ಬ ಬರ್ತಾನೆ, ಅವನೂ ಹಾಗೇ. ಸಂಜೆ ತೂಕಕ್ಕೆ ಹಾಕಿದರೆ ಚೀಲ ಕಡಿಮೆ. ಕಳ್ಳ ಯಾರು? ಯಾರೂ ಅಲ್ಲ. ನಷ್ಟ ಯಾರಿಗೆ? ಬೆಳೆದವನಿಗೆ. ಅಡಿಕೆ ಆದ್ರೆ ಮುಂದಿನ ವರ್ಷ ಮತ್ತೆ ಬರುತ್ತೆ ಪುಟ್ಟಿ. ಇದು ಬರುತ್ತಾ?"

ನಮಗೆ ಅಕೌಂಟೆನ್ಸಿಯಲ್ಲಿ ವೇಸ್ಟಿಂಗ್ ಅಸೆಟ್ ಅಂತ ಒಂದು ಪಾಠ ಇತ್ತು. ಗಣಿ, ಕ್ವಾರಿ ಥರದ್ದು. ತೆಗೆದಷ್ಟೂ ಮುಗಿಯುತ್ತೆ, ಮತ್ತೆ ತುಂಬಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದಿದ್ದೆ. ಅರ್ಥ ಆಗಿದ್ದು ಅವತ್ತು, ಅಪ್ಪನ ಮಾತಲ್ಲಿ. ಈ ಕಂಬಗಳಿಗೆ ಮತ್ತೆ ಲಾವಾ ಬರಲ್ಲ. ಒಲೆ ಮುಂದಿಲ್ಲ. ಅಲೆ ಹೊಡೆದು ಸವೆಯೋದು ಅದರ ಪಾಡಿಗೆ ನಡೀತಿದೆ, ಅದನ್ನ ತಡೆಯೋಕಾಗಲ್ಲ. ಅದರ ಜೊತೆ ನಾವೂ ಒಡೆಯೋದು, ಹೆಸರು ಗೀಚೋದು ಬೇಡ ಅಷ್ಟೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಅದೇ ಸ್ಥಾನ ಇದೆ. ಹಂಪಿಯ ಕಂಬದ ಚೂರು ಮುರಿದು ಚೀಲಕ್ಕೆ ಹಾಕ್ಕೊಳ್ತೀವಾ? ಹಂಪಿಯ ಹೆಚ್ಚಿನ ಕಂಬಗಳಿಗೆ ಇನ್ನೂ ಸಾವಿರ ವರ್ಷ ಆಗಿಲ್ಲ.

ಚಿಪ್ಪಿನ ವಿಷಯನೂ ಹೇಳಿಬಿಡ್ತೀನಿ. ಖಾಲಿ ಚಿಪ್ಪು ಯಾರಿಗೂ ಬೇಡದ್ದು ಅಂತ ನಾವು ಅಂದ್ಕೊಳ್ತೀವಿ. ಸನ್ಯಾಸಿ ಏಡಿ ಅಂತ ಒಂದು ಏಡಿ ಇದೆ. ಅದರ ಹಿಂಭಾಗ ಮೆತ್ತಗೆ, ಸ್ವಂತ ಗಟ್ಟಿ ಚಿಪ್ಪಿಲ್ಲ. ಶಂಖ, ಬಸವನಹುಳುವಿನಂಥ ಜೀವಿಗಳು ಬಿಟ್ಟುಹೋದ ಖಾಲಿ ಚಿಪ್ಪೇ ಅದಕ್ಕೆ ಮನೆ. ಬೆಳೆದ ಹಾಗೆ ದೊಡ್ಡ ಮನೆ ಹುಡುಕಬೇಕು. ಇದನ್ನ ಕೇಳಿದ ಮೇಲೆ ಪುಟ್ಟಿ ತಾನೇ ಜೇಬು ಖಾಲಿ ಮಾಡಿದಳು. ಸುರುಳಿ ಚಿಪ್ಪುಗಳನ್ನ ಸಾಲಾಗಿ ಇಟ್ಟು, "ಇದು ಒನ್ ಬಿಎಚ್‌ಕೆ, ಇದು ಟೂ ಬಿಎಚ್‌ಕೆ" ಅಂದಳು. ಕಲ್ಲಿನದ್ದು ಫೋಟೋ ತಗೊಂಡೆವು, ಪಕ್ಕದಲ್ಲಿ ಅವಳ ಕೈ ಇಟ್ಟು, ಅಳತೆಗೆ. ಶಾಲೆಯಲ್ಲಿ ತೋರಿಸಿದ್ದು ಅದನ್ನೇ. ಅಕ್ಕ ಬೋಟ್ ಹತ್ತೋವರೆಗೂ ನನ್ನ ಹತ್ತಿರ ಮಾತಾಡಲಿಲ್ಲ, ಅದು ಬೇರೆ ಮಾತು.

ನೀವು ಹೋಗೋದಾದರೆ ಒಂದಿಷ್ಟು ಪ್ರಾಕ್ಟಿಕಲ್ ವಿಷಯ. ಮಳೆಗಾಲದಲ್ಲಿ ಸಮುದ್ರ ಒರಟು, ಪ್ರವಾಸಿ ಬೋಟ್ ಇರಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಹೊರಡೋ ಮೊದಲು ಅವತ್ತು ಬೋಟ್ ಇದೆಯಾ ಅಂತ ವಿಚಾರಿಸಿ. ಬೆಳಗಿನ ಮೊದಲ ಬೋಟ್‌ಗಳಲ್ಲೇ ಹೋಗಿ, ಮಧ್ಯಾಹ್ನ ಕಲ್ಲು ಕಾದು ಕಾಲಿಡೋಕಾಗಲ್ಲ. ಹಿರಿಯರಿದ್ದರೆ ಟೋಪಿ, ನೀರು, ಜಾರದ ಚಪ್ಪಲಿ ಬೇಕೇ ಬೇಕು. ಅಮ್ಮನಿಗೆ ಮಂಡಿ ನೋವು. ದ್ವೀಪ ಪೂರ್ತಿ ಸುತ್ತಲಿಲ್ಲ, ಸುತ್ತಬೇಕಂತಲೂ ಇಲ್ಲ. ಇಳಿದ ಜಾಗದಿಂದ ಸ್ವಲ್ಪ ದೂರ ನಡೆದರೆ ಕಂಬಗಳು ಸಿಗುತ್ತವೆ. ತಿಂಡಿಯ ಕವರ್, ಬಾಟಲಿ ಎಲ್ಲ ವಾಪಸ್ ನಿಮ್ಮ ಚೀಲದಲ್ಲೇ ಬರಲಿ. ಅಲ್ಲಿ ಯಾರೂ ವಾಸ ಇಲ್ಲ, ನೀವು ಬಿಟ್ಟದ್ದನ್ನ ಯಾರೋ ಇನ್ನೊಂದು ಬೋಟ್‌ನಲ್ಲಿ ಹೊತ್ತು ತರಬೇಕು.

ಮತ್ತೆ ಒಂದು ಸಣ್ಣ ಹೋಮ್‌ವರ್ಕ್. ಒಂದು ಕಂಬ ಆಯ್ಕೆ ಮಾಡಿ, ಅದರ ಮೂಲೆ ಎಣಿಸಿ. ಪಕ್ಕದ ಕಂಬ ಅದರ ಯಾವ ಗೋಡೆಯನ್ನ ಹಂಚಿಕೊಂಡಿದೆ ನೋಡಿ. ಆಮೇಲೆ ಪಶ್ಚಿಮಕ್ಕೆ ತಿರುಗಿ ಖಾಲಿ ಸಮುದ್ರ ನೋಡಿ. ಒಂದು ಕಾಲದಲ್ಲಿ ಅಲ್ಲಿ ಮಡಗಾಸ್ಕರ್ ಇತ್ತು ಅಂತ ನೆನಪಿಸಿಕೊಳ್ಳಿ. ಎರಡು ನಿಮಿಷ ಸಾಕು, ಆಮೇಲೆ ಫೋಟೋ ತಗೊಳ್ಳಿ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರ್ಕೊಂಡು ಹೋಗಿ. ಬೇಡ ಅಂದರೂ ಇನ್ನೊಂದು ಸಲ ಕೇಳಿ. ಮತ್ತೆ ನಿಮ್ಮೂರಿನ ಹತ್ತಿರ ಹೀಗೆ ದಿನಾ ನೋಡಿದರೂ ಕಥೆ ಗೊತ್ತಿಲ್ಲದ ಒಂದು ಬಂಡೆ, ಗುಡ್ಡ ಇದ್ದರೆ ವಾಯ್ಸ್ ನೋಟ್ ಮಾಡಿ ಕಳಿಸಿ. ಸಾಧ್ಯವಾದರೆ ಅಪ್ಪನದೋ ಅಜ್ಜಿಯದೋ ದನಿಯಲ್ಲಿ ಕಳಿಸಿ. ಒಳ್ಳೆಯವನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಹುಷಾರಾಗಿರಿ. ನಮಸ್ಕಾರ.